ದೂರಕ್ಕೆ ಫುಲ್ ಮಾರ್ಕ್ಸ್, ಟೈಮ್ ಮಾತ್ರ ನಂಬ್ಕೋಬೇಡಿ (5ಕ್ಕೆ 3 ಸ್ಟಾರ್)

ಎರಡು ಊರಿನ ಹೆಸರು ಹಾಕಿದ್ರೆ ಫ್ಲೈಟ್ ಎಷ್ಟು ದೂರ, ಎಷ್ಟೊತ್ತು ಅಂತ ಹೇಳೋ ಒಂದು ಫ್ರೀ ಸೈಟ್‌ನ ಆರು ತಿಂಗಳಿಂದ ಯೂಸ್ ಮಾಡ್ತಿದೀನಿ, ಹೆಸರು ಬೇಡ ಬಿಡಿ, ಈ ಥರದವೆಲ್ಲ ಹೆಚ್ಚುಕಮ್ಮಿ ಒಂದೇ. ಕಾರಣ ನಮ್ಮಮ್ಮ. ಅಕ್ಕ ಇರೋದು ಸ್ಯಾನ್ ಫ್ರಾನ್ಸಿಸ್ಕೋ ಹತ್ರ, ಅಮ್ಮ ಮೊದಲ ಸಲ ಹೊರಟಿದ್ರು, ದಿನಕ್ಕೆ ಹತ್ತು ಸಲ "ಎಷ್ಟೊತ್ತು ಕೂತಿರ್ಬೇಕೋ?" ಅಂತ ಒಂದೇ ಪ್ರಶ್ನೆ.

ಬೆಂಗಳೂರಿಂದ ಅಲ್ಲಿಗೆ ಸುಮಾರು 14,000 ಕಿ.ಮೀ., 16 ಗಂಟೆ ಚಿಲ್ಲರೆ ಅಂತು ಸೈಟು. ದೂರ ಪಕ್ಕಾ. ಆದ್ರೆ ಮ್ಯಾಪಲ್ಲಿ ಗೆರೆ ಚೀನಾ ದಾಟಿ ಸೈಬೀರಿಯಾ ತನಕ ಮೇಲಕ್ಕೆ ಹೋಗಿ ಅಲಾಸ್ಕಾ ಕಡೆಯಿಂದ ಇಳಿಯೋದು ನೋಡಿ ಅಮ್ಮ "ಇದ್ಯಾಕೆ ಹೀಗೆ ಸುತ್ತು ಹಾಕ್ತಾನೆ" ಅಂದ್ರು. ಮಗನ ಗ್ಲೋಬ್ ತಂದು ಹೂ ಕಟ್ಟೋ ದಾರ ಕೊಟ್ಟೆ, ಒಂದು ತುದಿ ಬೆಂಗಳೂರಲ್ಲಿ ಒತ್ತಿ ಹಿಡ್ಕೊಂಡು ಇನ್ನೊಂದು ತುದಿ ಎಳೆದ್ರು ನೋಡಿ, ದಾರ ತಾನಾಗೇ ಜಾರಿ ಮೇಲಕ್ಕೆ ಹೋಗಿ ಕೂತ್ಕೊಂತು. ಅದೇ ಹತ್ತಿರದ ದಾರಿ. 2021ರ ಜನವರಿಲಿ ಏರ್ ಇಂಡಿಯಾದ ಮೊದಲ ನಾನ್‌ಸ್ಟಾಪ್ ಅಲ್ಲಿಂದ ಇಲ್ಲಿಗೆ ಬಂದಾಗ ಪೈಲಟ್‌ಗಳೆಲ್ಲ ಹೆಣ್ಮಕ್ಕಳು, ಉತ್ತರ ಧ್ರುವದ ಮೇಲಿಂದ್ಲೇ ಬಂದ್ರು ಅಂದೆ, ಅಮ್ಮಂಗೆ ಸ್ವಲ್ಪ ಧೈರ್ಯ ಬಂತು.

ಟೈಮ್ ವಿಷಯಕ್ಕೆ ಬಂದ್ರೆ ಬರೀ ಭಾಗಾಕಾರ. ದೂರಾನ ಒಂದು ಸ್ಪೀಡಿಂದ ಭಾಗಿಸ್ತಾರೆ ಅಷ್ಟೇ, ಗಾಳಿ ಲೆಕ್ಕಕ್ಕೇ ಇಲ್ಲ. ಮೇಲೆ ಜೆಟ್ ಸ್ಟ್ರೀಮ್ ಅನ್ನೋ ಜೋರು ಗಾಳಿ ಬೀಸೋದು ಪಶ್ಚಿಮದಿಂದ ಪೂರ್ವಕ್ಕೆ, ಅದಕ್ಕೇ ಲಂಡನ್‌ಗೆ ಹೋಗ್ತಾ ಜಾಸ್ತಿ ಹೊತ್ತು ಬರ್ತಾ ಕಮ್ಮಿ, ಸೈಟಲ್ಲಿ ಮಾತ್ರ ಎರಡೂ ಒಂದೇ. 2025ರ ಏಪ್ರಿಲಲ್ಲಿ ಪಾಕಿಸ್ತಾನ ನಮ್ಮ ವಿಮಾನಗಳಿಗೆ ತನ್ನ ಆಕಾಶ ಮುಚ್ಚಿದ ಮೇಲೆ ದಿಲ್ಲಿಯಿಂದ ಯುರೋಪ್‌ಗೆ ಸುತ್ತಾಕ್ಕೊಂಡು ಹೋಗೋ ಹಾಗಾಯ್ತು, ಅದೂ ಇದಕ್ಕೆ ಗೊತ್ತಿಲ್ಲ.

ಇನ್ನು ಅಮ್ಮಂಗೆ ಸಿಕ್ಕಿದ್ದು ದುಬೈ ಮೇಲೆ ಹೋಗೋ ಟಿಕೆಟ್, ಇಲ್ಲಿಂದ ದುಬೈ 2,700, ಅಲ್ಲಿಂದ ಸುಮಾರು 13,000, ಅಂದ್ರೆ 14,000 ಹೋಗಿ 15,700 ಆಯ್ತು. ಬನಶಂಕರಿಯಿಂದ ರಾತ್ರಿ ಹನ್ನೊಂದೂವರೆಗೆ ಹೊರಟ್ವಿ, ಆ ಹೊತ್ತಲ್ಲೂ ಹೆಬ್ಬಾಳದಲ್ಲಿ ಲಾರಿ ಸಾಲು, ಫ್ಲೈಟ್ ಬೆಳಗಿನ ಜಾವ ನಾಲ್ಕೂವರೆಗೆ. ಟಿಕೆಟಲ್ಲಿ ಅಲ್ಲಿ ಇಳಿಯೋದು ಅದೇ ದಿನ ಮಧ್ಯಾಹ್ನ 1.50 ಅಂತ ಇತ್ತು, ಅಮ್ಮ "ಊಟದ ಹೊತ್ತಿಗೆ ಅಲ್ಲಿರ್ತೀನಿ ಬಿಡು" ಅಂತ ಖುಷಿಯಾಗಿದ್ರು, ಅಲ್ಲಿನ ಗಡಿಯಾರ ನಮ್ಗಿಂತ ಹನ್ನೆರಡೂವರೆ ಗಂಟೆ ಹಿಂದಿದೆ ಅಂತ ಹೇಳೋಕೆ ಮನಸ್ಸಾಗ್ಲಿಲ್ಲ. ಅಕ್ಕನ ಮನೆ ಬಾಗಿಲು ಮುಟ್ಟಿದಾಗ ಅಲ್ಲಿ ಸಂಜೆ ನಾಲ್ಕು, ನಮ್ಗೆ ಮಾರನೇ ದಿನ ಬೆಳಗಿನ ಜಾವ ನಾಲ್ಕೂವರೆ, ಮನೆಯಿಂದ ಮನೆಗೆ 29 ಗಂಟೆ.

ಹೋಲಿಸಿ ನೋಡೋಕೆ, ಮಕ್ಕಳಿಗೆ ತೋರ್ಸೋಕೆ ಸೂಪರ್, ಅಪ್ಪ ಅಮ್ಮಂಗೆ ಟಿಕೆಟ್ ಮಾಡೋರು ಇದೊಂದನ್ನೇ ನಂಬ್ಕೊಂಡು ಮಾತು ಕೊಡ್ಬೇಡಿ. ಆಮೇಲೆ ಮೊದಲು ಯೂನಿಟ್ ಚೇಂಜ್ ಮಾಡ್ಕೊಳಿ, ಅದು ಓಪನ್ ಆಗೋದೇ ಮೈಲಿ ಲೆಕ್ಕದಲ್ಲಿ, ನಾನು ಯೂನಿಟ್ ನೋಡದೇನೆ 8,700 ಕಿಲೋಮೀಟರ್ ಅಷ್ಟೇ ಅಮ್ಮ ಅಂದ್ಬಿಟ್ಟು ಆಮೇಲೆ ಚೆನ್ನಾಗಿ ಬೈಸ್ಕೊಂಡೆ.