ಐಸಿಯುವಿನಲ್ಲಿ ಘನತೆಯ ಸಾವು: ಕರ್ನಾಟಕದ ವ್ಯವಸ್ಥೆ ಹೇಗಿದೆ?

ಇನ್ನು ಗುಣವಾಗುವುದಿಲ್ಲ ಎಂದು ವೈದ್ಯರು ಕೈಚೆಲ್ಲಿದ ಮೇಲೆ ಬಹಳಷ್ಟು ಕಡೆ ನಡೆಯುವುದು ಇಷ್ಟೇ: ‘ನಮ್ಮ ಜವಾಬ್ದಾರಿಯ ಮೇಲೆ ಕರೆದೊಯ್ಯುತ್ತೇವೆ’ ಎಂದು ಮನೆಯವರು ಸಹಿ ಹಾಕುತ್ತಾರೆ, ಆಂಬುಲೆನ್ಸ್‌ನಲ್ಲಿ ಅಂಬು ಬ್ಯಾಗ್ (ಕೈಯಿಂದ ಉಸಿರು ತುಂಬುವ ಚೀಲ) ಒತ್ತುತ್ತಾ ಊರು ಸೇರುತ್ತಾರೆ, ಅಲ್ಲಿ ಉಸಿರಾಟದ ಟ್ಯೂಬ್ ತೆಗೆಯುತ್ತಾರೆ. ಉಸಿರಿಗೆ ಒದ್ದಾಡುವಾಗ ಆ ಸಂಕಟ ತಗ್ಗಿಸುವ ಮಾರ್ಫಿನ್ ಕೊಡುವವರು ಅಲ್ಲಿರುವುದಿಲ್ಲ.

2025ರ ಜನವರಿ 30ರ ಆರೋಗ್ಯ ಇಲಾಖೆಯ ಸುತ್ತೋಲೆ ಇದಕ್ಕೆ ಬೇರೆ ದಾರಿ ಕೊಟ್ಟಿದೆ: ಎರಡು ವೈದ್ಯ ಮಂಡಳಿಗಳು ಒಪ್ಪಿದರೆ ವೆಂಟಿಲೇಟರಿನಂಥ ಜೀವರಕ್ಷಕ ಚಿಕಿತ್ಸೆಯನ್ನು ಆಸ್ಪತ್ರೆಯಲ್ಲೇ ನಿಲ್ಲಿಸಬಹುದು. ಸುಪ್ರೀಂ ಕೋರ್ಟಿನ 2018ರ ತೀರ್ಪು ಮತ್ತು 2023ರಲ್ಲಿ ಅದಕ್ಕೆ ಮಾಡಿದ ತಿದ್ದುಪಡಿ ಇದರ ಆಧಾರ. ಚಿಕಿತ್ಸೆ ಕೊಡುವ ವೈದ್ಯರು ಮತ್ತು ಕನಿಷ್ಠ 5 ವರ್ಷ ಅನುಭವವಿರುವ ಇಬ್ಬರು ತಜ್ಞರದು ಪ್ರಾಥಮಿಕ ಮಂಡಳಿ. ಅದರಲ್ಲಿಲ್ಲದ ಮೂವರದು ದ್ವಿತೀಯ ಮಂಡಳಿ. ಒಬ್ಬರನ್ನು ಜಿಲ್ಲಾ ಆರೋಗ್ಯಾಧಿಕಾರಿ ಸೂಚಿಸುತ್ತಾರೆ. ಮನೆಯವರ ಒಪ್ಪಿಗೆ ಬೇಕು, ಮ್ಯಾಜಿಸ್ಟ್ರೇಟರಿಗೆ ತೀರ್ಮಾನದ ಪ್ರತಿ ಹೋಗಬೇಕು. ಇಂಜೆಕ್ಷನ್ ಕೊಟ್ಟು ಸಾಯಿಸುವುದು ಈಗಲೂ ಅಪರಾಧವೇ.

ಲಿವಿಂಗ್ ವಿಲ್ (ಕೊನೆಗಾಲದಲ್ಲಿ ಯಾವ ಚಿಕಿತ್ಸೆ ಬೇಡವೆಂದು ಮೊದಲೇ ಬರೆದಿಡುವ ಪತ್ರ) ಮಾಡಿಡುವುದು ಈಗ ಸುಲಭ: ಇಬ್ಬರು ಸಾಕ್ಷಿಗಳು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಸಹಿ, ನಿಮ್ಮ ಪರವಾಗಿ ತೀರ್ಮಾನಿಸುವವರ ಹೆಸರು. ಅಡ್ಮಿಟ್ ಆದ ದಿನವೇ ಅದರ ಪ್ರತಿಯನ್ನು ಕೇಸ್ ಶೀಟಿಗೆ ಸೇರಿಸಿ, ಆಮೇಲೆ ಹುಡುಕುವವರಿಲ್ಲ.

ಕಾಗದದ ಮಟ್ಟಿಗೆ ಐದಕ್ಕೆ ನಾಲ್ಕು ಅಂಕ ಕೊಡಬಹುದು. ಒಂದು ಅಂಕ ಕಳೆದದ್ದು ವೇಗಕ್ಕೆ. ಪ್ರತಿ ಮಂಡಳಿಯೂ 48 ಗಂಟೆಯಲ್ಲಿ ತೀರ್ಮಾನ ಹೇಳಬೇಕು ಎಂಬುದು ‘ಸಾಧ್ಯವಾದಷ್ಟು’ ಮಾತ್ರ. ಮಂಡಳಿಯನ್ನು ಮೊದಲೇ ರಚಿಸಿಟ್ಟುಕೊಳ್ಳದ ಆಸ್ಪತ್ರೆಯಲ್ಲಿ ತಜ್ಞರನ್ನು ಹುಡುಕುವುದರಲ್ಲೇ ಆ ಹೊತ್ತು ಮುಗಿಯುತ್ತದೆ.

ಆದರೆ ರೋಗಿಗೆ ಕಾಗದಕ್ಕಿಂತ ಮುಖ್ಯವಾದದ್ದು ಮಂಜೂರಾತಿ ಬಂದ ಮೇಲಿನ ಗಂಟೆಗಳು. ಅಲ್ಲಿ ಎಲ್ಲವೂ ಆಯಾ ಐಸಿಯುವಿನ ಕೈಗುಣ. ಮೊದಲು ಸ್ನಾಯು ಸಡಿಲಿಸುವ ಔಷಧ ನಿಲ್ಲಿಸಿ, ಅದರ ಪ್ರಭಾವ ಪೂರ್ತಿ ಇಳಿಯುವವರೆಗೆ ಕಾಯಬೇಕು. ಇಲ್ಲದಿದ್ದರೆ ರೋಗಿ ಸಂಕಟಪಟ್ಟರೂ ಮುಖದಲ್ಲಿ ಏನೂ ಕಾಣದು. ವೆಂಟಿಲೇಟರ್ ತಗ್ಗಿಸುವ ಮುಂಚೆಯೇ ಮಾರ್ಫಿನ್ ಕೊಡಬೇಕು: ಅಲ್ಲಿಯವರೆಗೆ ಪಡೆಯದವರಿಗೆ ಸಾಮಾನ್ಯವಾಗಿ 2ರಿಂದ 5 ಮಿಲಿಗ್ರಾಂ ರಕ್ತನಾಳಕ್ಕೆ, ಏದುಸಿರು ನಿಲ್ಲದಿದ್ದರೆ ಮತ್ತೆ. ತಳಮಳಕ್ಕೆ ಮಿಡಜೋಲಾಮ್. ಗೊರಗೊರ ಸದ್ದಿಗೆ ಗ್ಲೈಕೊಪಿರೊಲೇಟ್ 0.2 ಮಿಲಿಗ್ರಾಂ, ಅದೂ ಮುಂಚಿತವಾಗಿ, ಏಕೆಂದರೆ ಆಗಲೇ ಗಂಟಲಲ್ಲಿ ಕೂಡಿದ ಕಫವನ್ನು ಅದು ಒಣಗಿಸುವುದಿಲ್ಲ. ಡ್ರಿಪ್ ಹಾಗೇ ಬಿಟ್ಟರೆ ಆ ಸದ್ದು ಇನ್ನೂ ಹೆಚ್ಚಬಹುದು. ವೆಂಟಿಲೇಟರಿನ ಆಕ್ಸಿಜನ್, ಗಾಳಿಯ ಒತ್ತಡ ಎರಡನ್ನೂ ಹಂತಹಂತವಾಗಿ ಇಳಿಸಿ ಆಮೇಲೆ ಟ್ಯೂಬ್ ತೆಗೆಯುವುದು. ಮಾನಿಟರ್ ಅಲಾರಾಂ ಆಫ್ ಮಾಡಲು ಮರೆಯುವವರೇ ಹೆಚ್ಚು. ಮನೆಯವರ ಕಣ್ಣೆಲ್ಲ ಆ ಗೆರೆಯ ಮೇಲೇ ನೆಡುತ್ತದೆ.

ತುಳಸಿ ನೀರು ಬಿಡುವ ಪದ್ಧತಿಗೆ ಒಳ್ಳೆಯ ನರ್ಸ್ ಅಡ್ಡಿ ಮಾಡುವುದಿಲ್ಲ. ಟ್ಯೂಬ್ ತೆಗೆದ ಮೇಲೆ ಹತ್ತಿಯಲ್ಲಿ ಅದ್ದಿ ತುಟಿಗೆ ಸವರಿದರೆ ಸಾಕು. ಚಮಚದಲ್ಲಿ ಹಾಕಿದರೆ ಶ್ವಾಸನಾಳಕ್ಕಿಳಿದು ಕೆಮ್ಮು ಬರುತ್ತದೆ. ಭೇಟಿಯ ಸಮಯದ ನಿಯಮ ಸಡಿಲಿಸುತ್ತಾರೆಯೇ, ಮಾರ್ಫಿನ್ ಅಲ್ಲಿ ಸಿಗುತ್ತದೆಯೇ ಎಂದು ಒಪ್ಪಿಗೆಗೆ ಸಹಿ ಹಾಕುವ ಮುಂಚೆಯೇ ಕೇಳಿಕೊಳ್ಳಿ.

ಮಂಡಳಿ ಒಪ್ಪದಿದ್ದರೆ ಮನೆಯವರು ಹೈಕೋರ್ಟಿಗೆ ಹೋಗಬಹುದು. ಖಾಸಗಿ ಆಸ್ಪತ್ರೆಯಾದರೆ ಅಲ್ಲಿಯವರೆಗೂ ಐಸಿಯು ಬಿಲ್ ಏರುತ್ತಲೇ ಇರುತ್ತದೆ.