523ನೇ ಕಪಾಟಿನ ಕಾದಂಬರಿ: ವಿಜಯಪುರದ ಒಂದು ಶಾಖಾ ಗ್ರಂಥಾಲಯ

ವಿಜಯಪುರದ ಖಾನಾವಳಿ, ಬಟ್ಟೆ ಅಂಗಡಿ, ಮೊಬೈಲ್ ರಿಪೇರಿ ಅಂಗಡಿಗಳ ಬಗ್ಗೆ ಅಭಿಪ್ರಾಯ ಬರೆಯುವವರು ಬೇಕಾದಷ್ಟು ಮಂದಿ ಇದ್ದಾರೆ. ಸರ್ಕಾರಿ ಗ್ರಂಥಾಲಯದ ಬಗ್ಗೆ ಹಾಗೆ ಬರೆದವರನ್ನು ನಾನು ಕಂಡಿಲ್ಲ. ಅದು ಬಿಟ್ಟಿ ಸೇವೆ, ಬಿಟ್ಟಿಯಾಗಿ ಸಿಕ್ಕದ್ದಕ್ಕೆ ಕೊರತೆ ಹೇಳಬಾರದು ಎಂಬ ಸಂಕೋಚ ಇದಕ್ಕೆ ಕಾರಣವಿರಬೇಕು. ಆದರೆ ಅದು ಬಿಟ್ಟಿಯಲ್ಲ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಅಧಿನಿಯಮದ ಪ್ರಕಾರ ನಾವು ಕಟ್ಟುವ ಆಸ್ತಿ ತೆರಿಗೆಯ ಮೇಲೆ ಶೇ 6ರಷ್ಟು ಗ್ರಂಥಾಲಯ ಕರ ಸೇರಿರುತ್ತದೆ. ವರ್ಷಕ್ಕೆ ಎರಡು ಸಾವಿರ ರೂಪಾಯಿ ತೆರಿಗೆ ಕಟ್ಟುವ ಮನೆಯವರು ಗೊತ್ತಿಲ್ಲದೆಯೇ 120 ರೂಪಾಯಿಯನ್ನು ಗ್ರಂಥಾಲಯಕ್ಕೆಂದು ಕೊಟ್ಟಿರುತ್ತಾರೆ. ಆದ್ದರಿಂದ ದುಡ್ಡು ಕೊಟ್ಟ ಗಿರಾಕಿಯಾಗಿಯೇ ಇದನ್ನು ಬರೆಯುತ್ತಿದ್ದೇನೆ. ಶಾಖೆಯ ಹೆಸರನ್ನು ಮಾತ್ರ ಹೇಳುವುದಿಲ್ಲ. ಅಲ್ಲಿ ಇರುವವರು ಇಬ್ಬರೇ ಸಿಬ್ಬಂದಿ, ನನ್ನ ದೂರುಗಳಲ್ಲಿ ಹೆಚ್ಚಿನವು ಅವರ ಕೈಯಲ್ಲಿ ಇಲ್ಲದ ಸಂಗತಿಗಳು.

ಈ ಶಾಖೆಗೆ ನಾನು ಮೊದಲು ಹೋದದ್ದು ಏಳನೆಯ ಇಯತ್ತೆ ಮುಗಿದ ಬೇಸಿಗೆಯಲ್ಲಿ. ಊರಿಗೆ ಆಗ ಬಿಜಾಪುರ ಎಂಬ ಹೆಸರೇ ಇತ್ತು. ಓದುವ ಆಸೆಯಿಂದ ಹೋದವನಲ್ಲ ನಾನು. "ಬಿಸಲಾಗ ತಿರಗಬ್ಯಾಡ, ಲೈಬ್ರರ್‍ಯಾಗ ಹೋಗಿ ಕುಂದರು, ಅಲ್ಲೆ ಫ್ಯಾನ್ ಐತಿ" ಎಂದು ಅವ್ವ ಅಟ್ಟಿದ್ದಕ್ಕೆ ಹೋದವನು. ಏಪ್ರಿಲ್ ತಿಂಗಳ ಮಧ್ಯಾಹ್ನ ನಮ್ಮ ತಗಡಿನ ಮನೆಯಲ್ಲಿ ಕುಳಿತವರಿಗೆ ಆ ಮಾತಿನ ಬೆಲೆ ಗೊತ್ತಾಗುತ್ತದೆ. ಮುಂದಿನ ಕೋಣೆಯಲ್ಲಿ ಪತ್ರಿಕೆ ಓದುವ ಹಿರಿಯರು ಫ್ಯಾನಿನ ಕೆಳಗಿನ ಜಾಗವನ್ನೆಲ್ಲ ಹಿಡಿದಿದ್ದರಿಂದ ನಾನು ಒಳಗಿನ ಕೋಣೆಯ ಎರಡನೆಯ ಫ್ಯಾನಿನ ಕೆಳಗೆ ನೆಲದ ಮೇಲೆ ಕೂರಬೇಕಾಯಿತು. ಆ ಫ್ಯಾನಿನ ಎದುರಿಗೆ ಇದ್ದದ್ದು ವಿಜ್ಞಾನದ ಕಪಾಟು. ಗಣಿತದ ಪುಸ್ತಕಗಳ ಕಪಾಟು ಅಲ್ಲಿದ್ದಿದ್ದರೆ ನನ್ನ ಗತಿ ಏನಾಗುತ್ತಿತ್ತೋ ತಿಳಿಯದು.

ಅಲ್ಲಿ ಖಗೋಳದ ಪುಸ್ತಕಗಳ ನಡುವೆ ರಕ್ಷಾಪುಟ ಕಳೆದುಕೊಂಡ, ಕಂದು ರಟ್ಟಿನ ಬೈಂಡು ಹಾಕಿದ ಒಂದು ಪುಸ್ತಕವಿತ್ತು. ಬೆನ್ನಿನ ಮೇಲೆ ಅಂಟಿಸಿದ ಬಿಳಿಯ ಚೀಟಿಯಲ್ಲಿ ಕಪ್ಪು ಶಾಯಿಯಿಂದ 523 ಎಂದು ಬರೆದಿದ್ದರು. ಮೊದಲ ನಾಲ್ಕು ಪುಟಗಳು ಹರಿದುಹೋಗಿದ್ದ ಕಾರಣ ಅದರ ಹೆಸರಾಗಲಿ ಬರೆದವರ ಹೆಸರಾಗಲಿ ಇವತ್ತಿಗೂ ನನಗೆ ಗೊತ್ತಿಲ್ಲ. ನಕ್ಷತ್ರಗಳ ಪಾಠವೆಂದು ಓದಲು ಶುರುಮಾಡಿದರೆ ಅದು ಕಥೆ. ಇಪ್ಪತ್ತು ವರ್ಷದ ಅಣ್ಣ ದೂರದ ನಕ್ಷತ್ರವೊಂದಕ್ಕೆ ನೌಕೆಯಲ್ಲಿ ಹೋಗಿ ಹತ್ತು ವರ್ಷಗಳ ಬಳಿಕ ಮರಳುತ್ತಾನೆ. ಹೊರಡುವಾಗ ಹನ್ನೆರಡು ವರ್ಷದವಳಾಗಿದ್ದ ತಂಗಿ ಅವನನ್ನು ಬರಮಾಡಿಕೊಳ್ಳಲು ಬಂದಾಗ ಅರವತ್ತು ದಾಟಿದ ಅಜ್ಜಿಯಾಗಿರುತ್ತಾಳೆ. ಇದು ಲೇಖಕರು ಮಾಡಿದ ಲೆಕ್ಕದ ತಪ್ಪು ಎಂದು ನಾನು ಆಗ ಗಟ್ಟಿಯಾಗಿ ನಂಬಿದ್ದೆ. ಮುಂದೆ ಕಾಲೇಜಿನಲ್ಲಿ ಸಾಪೇಕ್ಷತಾ ಸಿದ್ಧಾಂತದ ಸೂತ್ರ ಕಲಿತ ದಿನ ರಾತ್ರಿ ಆ ಅಣ್ಣತಂಗಿಯರ ವಯಸ್ಸನ್ನೇ ಇಟ್ಟುಕೊಂಡು ಲೆಕ್ಕ ಹಾಕಿದೆ: ಬೆಳಕಿನ ವೇಗದ ಶೇ 98ರಷ್ಟು ವೇಗದಲ್ಲಿ ಸಾಗಿದರೆ ನೌಕೆಯೊಳಗಿನ 10 ವರ್ಷ ಭೂಮಿಯ ಮೇಲೆ ಸುಮಾರು 50 ವರ್ಷವಾಗುತ್ತದೆ. ತಂಗಿಗೆ 62. ಲೇಖಕರ ಲೆಕ್ಕ ಸರಿಯಾಗಿತ್ತು. ಐದು ವರ್ಷ ಅವರನ್ನು ಅನುಮಾನಿಸಿದ್ದಕ್ಕೆ ಕ್ಷಮೆ ಕೇಳೋಣವೆಂದರೆ ಹೆಸರು ಗೊತ್ತಿಲ್ಲ.

ಆ ಪುಸ್ತಕ 523ರಲ್ಲಿ ಇರಬೇಕಾದದ್ದಲ್ಲ ಎಂಬುದು ಬಹಳ ತಡವಾಗಿ ಅರ್ಥವಾಯಿತು. ಪ್ರತಿ ವಿಷಯಕ್ಕೂ ಒಂದು ಸಂಖ್ಯೆ ಕೊಟ್ಟು ಪುಸ್ತಕ ಜೋಡಿಸುವ ಡ್ಯೂಯಿ ದಶಾಂಶ ವರ್ಗೀಕರಣವನ್ನು ಈ ಶಾಖೆ ಅನುಸರಿಸುತ್ತದೆ. ಅದರಲ್ಲಿ 520 ಖಗೋಳ ವಿಜ್ಞಾನ, 523 ಆಕಾಶಕಾಯಗಳು. ಕನ್ನಡ ಸಾಹಿತ್ಯದ ಸಂಖ್ಯೆ 894.814, ಅದಕ್ಕೆ 3 ಸೇರಿಸಿದರೆ ಕಾದಂಬರಿ. ರಟ್ಟಿನ ಬೈಂಡು ಹಾಕಿದ ಮೇಲೆ ಯಾರೋ ಒಳಗಿನ ಒಂದು ಪುಟ ತೆರೆದು, ನಕ್ಷತ್ರ, ಗ್ರಹ ಎಂಬ ಪದಗಳನ್ನು ಕಂಡು, 523 ಎಂದು ಬರೆದುಬಿಟ್ಟಿರಬೇಕು. ನಾನು ವೈಜ್ಞಾನಿಕ ಕಥೆಗಳ ಓದುಗನಾದದ್ದು ಆ ತಪ್ಪಿನಿಂದ. ಕಾದಂಬರಿಗಳ ಸಾಲಿನಲ್ಲಿ, ನೂರಾರು ಸಾಮಾಜಿಕ ಕಾದಂಬರಿಗಳ ನಡುವೆ ಆ ಪುಸ್ತಕ ನಿಂತಿದ್ದರೆ ಹದಿಮೂರು ವರ್ಷದ ಹುಡುಗನ ಕೈ ಅದರ ಮೇಲೆ ಬೀಳುವ ಸಂಭವವೇ ಇರಲಿಲ್ಲ. ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್.ಆರ್. ರಂಗನಾಥನ್ ಅವರು 1931ರಲ್ಲಿ ಮುಂದಿಟ್ಟ ಐದು ಸೂತ್ರಗಳಲ್ಲಿ ಮೂರನೆಯದು ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗಬೇಕು ಎನ್ನುತ್ತದೆ. ನಮ್ಮ ಶಾಖೆ ಆ ಸೂತ್ರವನ್ನು ಕೈತಪ್ಪಿನಿಂದ ಪಾಲಿಸಿತ್ತು.

ಇಪ್ಪತ್ತೈದು ವರ್ಷ ಹೊರಗಿದ್ದು ಊರಿಗೆ ಮರಳಿದ ಮೇಲೆ ಹೋದ ನವೆಂಬರಿನಲ್ಲಿ ಮತ್ತೆ ಸದಸ್ಯನಾದೆ. ಆಧಾರ್ ಪ್ರತಿ, ಎರಡು ಭಾವಚಿತ್ರ ಮತ್ತು ಸಣ್ಣ ಠೇವಣಿ ಕೊಟ್ಟ ಅರ್ಧ ಗಂಟೆಯಲ್ಲಿ ಕಾರ್ಡು ಕೈಗೆ ಬಂತು. ಈ ವಿಷಯದಲ್ಲಿ ನನ್ನದೇನೂ ತಕರಾರಿಲ್ಲ. ಕಟ್ಟಡಕ್ಕೆ ಬಣ್ಣ ಹೊಡೆದಿದ್ದಾರೆ, ಕುಡಿಯುವ ನೀರಿನ ವ್ಯವಸ್ಥೆ ಇದೆ, ಶೌಚಾಲಯ ಸ್ವಚ್ಛವಾಗಿದೆ, ಹೆಣ್ಣುಮಕ್ಕಳಿಗೆ ಬೇರೆ ಮೇಜಿದೆ. ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲೇ ಮೆಟ್ಟಿಲ ಮೇಲೆ ಚೀಲಗಳ ಸಾಲು ಇರುತ್ತದೆ. ಪೊಲೀಸ್, ಕೆಪಿಎಸ್‌ಸಿ, ಶಿಕ್ಷಕರ ನೇಮಕಾತಿ ಪರೀಕ್ಷೆಗಳಿಗೆ ಓದುವ ಹುಡುಗ ಹುಡುಗಿಯರು ತಂತಮ್ಮ ಪುಸ್ತಕಗಳನ್ನೇ ತಂದು ಸಂಜೆಯವರೆಗೆ ಓದುತ್ತಾರೆ. ಸಿಂದಗಿ, ಇಂಡಿ ಕಡೆಯಿಂದ ಬಂದು ಬಾಡಿಗೆ ಕೋಣೆಯಲ್ಲಿ ನಾಲ್ಕೈದು ಮಂದಿ ಸೇರಿ ಇರುವ ಇವರಿಗೆ ಸದ್ದಿಲ್ಲದ ಒಂದು ಕುರ್ಚಿಯೇ ದೊಡ್ಡ ಉಪಕಾರ. ಗ್ರಂಥಾಲಯ ಈ ಕೆಲಸ ಮಾಡಬಾರದೆಂದು ನಾನು ಹೇಳಲಾರೆ. ಆದರೆ ಒಳಗಿನ ಕೋಣೆಯಲ್ಲಿ ಎರಡು ಕಪಾಟುಗಳ ಮಧ್ಯೆಯೂ ಮೇಜು ಹಾಕಿರುವುದರಿಂದ ಪುಸ್ತಕ ನೋಡಬೇಕೆಂದರೆ ಓದುತ್ತಿರುವವರನ್ನು ಎಬ್ಬಿಸಬೇಕಾಗುತ್ತದೆ. ಮೊದಲ ದಿನ ನಾನು ಎಬ್ಬಿಸಿದ ತರುಣ, "ಸರ, ಯಾವ ಪುಸ್ತಕ ಬೇಕು ಹೇಳ್ರಿ, ನಾನೇ ತಗದ ಕೊಡ್ತೀನಿ" ಎಂದ. ಯಾವುದು ಬೇಕೆಂದು ನೋಡಿದ ಮೇಲೆಯೇ ಗೊತ್ತಾಗುವುದು ಎಂದು ಅವನಿಗೆ ಹೇಗೆ ಹೇಳುವುದು? ಸುಮ್ಮನೆ ಹೊರಗೆ ಬಂದು ಪತ್ರಿಕೆ ಓದಿದೆ.

ನಂತರ ಮಧ್ಯಾಹ್ನ ಎರಡರ ಹೊತ್ತಿಗೆ ಹೋಗುವುದನ್ನು ರೂಢಿಸಿಕೊಂಡೆ. ಆಗ ಊಟಕ್ಕೆ ಹೋದವರ ಕುರ್ಚಿಗಳು ಖಾಲಿ ಇರುತ್ತವೆ. ಹೀಗೆ ನಾಲ್ಕು ಮಧ್ಯಾಹ್ನ ಕುಳಿತು ಕಾದಂಬರಿಯ ಕಪಾಟುಗಳನ್ನು ಪೂರ್ತಿಯಾಗಿ ನೋಡಿದೆ. ಈಗ ವರ್ಗೀಕರಣ ನಿಖರವಾಗಿದೆ, ಎಲ್ಲ ಕಾದಂಬರಿಗಳೂ ಲೇಖಕರ ಹೆಸರಿನ ಅಕ್ಷರಕ್ರಮದಲ್ಲಿ ನಿಂತಿವೆ. ಲೇಖಕರ ಹೆಸರು ಗೊತ್ತಿದ್ದವರಿಗೆ ಇದಕ್ಕಿಂತ ಅನುಕೂಲ ಬೇರೊಂದಿಲ್ಲ: ರಾಜಶೇಖರ ಭೂಸನೂರಮಠರು ಕನ್ನಡದಲ್ಲಿ ವೈಜ್ಞಾನಿಕ ಕಾದಂಬರಿ ಬರೆದವರೆಂದು ಗೊತ್ತಿದ್ದ ನಾನು ನೇರವಾಗಿ ಭಕಾರದ ಕಡೆ ಹೋಗಿ ಅವರ ಎರಡು ಪುಸ್ತಕಗಳನ್ನು ತೆಗೆದುಕೊಂಡೆ. ಗೊತ್ತಿಲ್ಲದ ಹುಡುಗ ಏನು ಮಾಡಬೇಕು? ಗಣಕದ ಪಟ್ಟಿಯಲ್ಲಿ ವೈಜ್ಞಾನಿಕ ಕಾದಂಬರಿ ಎಂದು ಹುಡುಕಿಸಿದೆ. ಬಂದದ್ದು ಒಂದೇ ಫಲಿತಾಂಶ, ಅದೂ ಕೋಳಿ ಸಾಕಾಣಿಕೆಯ ವೈಜ್ಞಾನಿಕ ವಿಧಾನಗಳ ಕುರಿತದ್ದು. ಕಪಾಟುಗಳಲ್ಲಿ ನಾನು ಕೈಯಾರೆ ಹುಡುಕಿದಾಗ ಸಿಕ್ಕವು ಹತ್ತೊಂಬತ್ತು. ಹತ್ತೊಂಬತ್ತೂ ಒಂದರಿಂದ ಒಂದು ದೂರವಿದ್ದು, ಯಾವುದರ ಬೆನ್ನಿನ ಮೇಲೂ ತಾನು ಎಂಥ ಕಥೆ ಎಂಬ ಸುಳಿವಿಲ್ಲ.

ಕನ್ನಡಕ್ಕಿಂತ ಹೆಚ್ಚಿನ ಆಶ್ಚರ್ಯ ಕಾದಿದ್ದದ್ದು ಮರಾಠಿಯ ಎರಡು ಕಪಾಟುಗಳಲ್ಲಿ. ಸೊಲ್ಲಾಪುರ ಇಲ್ಲಿಂದ ನೂರು ಕಿಲೋಮೀಟರಿನಷ್ಟು ದೂರವಿರುವುದರಿಂದ ನಮ್ಮಲ್ಲಿ ಮರಾಠಿ ಓದಬಲ್ಲವರು ಅನೇಕರಿದ್ದಾರೆ. ನನಗೂ ಅಕ್ಕನ ಗಂಡನ ಮನೆಯ ಬಳಕೆಯಿಂದ ತಡವರಿಸಿ ಓದುವಷ್ಟು ಬರುತ್ತದೆ. ಅಲ್ಲಿ ಜಯಂತ ನಾರಳೀಕರರ ಕಥೆಗಳ ಸಂಕಲನವೊಂದು ಸಿಕ್ಕಿತು. 1938ರಲ್ಲಿ ಕೊಲ್ಹಾಪುರದಲ್ಲಿ ಹುಟ್ಟಿ, ಕೇಂಬ್ರಿಜ್‌ನಲ್ಲಿ ಖಗೋಳ ವಿಜ್ಞಾನಿ ಫ್ರೆಡ್ ಹೊಯ್ಲ್ ಅವರ ಶಿಷ್ಯರಾಗಿ ವಿಶ್ವದ ಉಗಮವನ್ನು ಕುರಿತು ಸಂಶೋಧನೆ ಮಾಡಿದ ಈ ವಿಜ್ಞಾನಿ 1974ರಲ್ಲಿ ಮರಾಠಿ ವಿಜ್ಞಾನ ಪರಿಷತ್ತಿನ ಕಥಾ ಸ್ಪರ್ಧೆಗೆ ತಮ್ಮ ಹೆಸರಿನ ಮೊದಲಕ್ಷರಗಳನ್ನು ಹಿಂದುಮುಂದು ಮಾಡಿ ನಾರಾಯಣ ವಿನಾಯಕ ಜಗತಾಪ ಎಂಬ ಸುಳ್ಳು ಹೆಸರಿನಲ್ಲಿ ಕಥೆ ಕಳಿಸಿ ಬಹುಮಾನ ಪಡೆದವರು. ತನ್ನ ಹುದ್ದೆಯ ಭಾರ ಕಥೆಯ ಮೇಲೆ ಬೀಳಬಾರದು ಎಂಬ ಆ ಎಚ್ಚರ ನನಗೆ ಕಥೆಗಳಷ್ಟೇ ಹಿಡಿಸಿತು. ಸಂಕಲನದ ಕೊನೆಯ ಪುಟಕ್ಕೆ ಅಂಟಿಸಿದ ವಾಯಿದೆ ಚೀಟಿಯಲ್ಲಿ ಮೂರೇ ಮುದ್ರೆಗಳಿದ್ದವು, ಮೂರನೆಯದು 2006ರದು. ನಾಲ್ಕನೆಯದು ನನ್ನದು.

523ರ ಆ ಪುಸ್ತಕವನ್ನೂ ಕೇಳಿದೆ. ಹಳೆಯ ದಾಖಲೆ ಪುಸ್ತಕವನ್ನು ಸಹಾಯಕರು ತಾಳ್ಮೆಯಿಂದ ತಿರುವಿ ನೋಡಿ, ಜೀರ್ಣವಾದ ಪುಸ್ತಕಗಳನ್ನು ಕೆಲವು ವರ್ಷಗಳ ಹಿಂದೆ ರದ್ದುಪಡಿಸಿದಾಗ ಹೋಗಿರಬೇಕು ಎಂದರು. ಪುಟ ಹರಿದ, ಹೆಸರಿಲ್ಲದ ಪುಸ್ತಕವನ್ನು ಉಳಿಸಿಕೊಳ್ಳಬೇಕಿತ್ತು ಎಂದು ನಿಯಮದ ಪ್ರಕಾರ ವಾದಿಸಲು ಬರುವುದಿಲ್ಲ. ಈ ಊರಿಗೆ ಪುಸ್ತಕ ಕಳೆದುಕೊಳ್ಳುವುದು ಹೊಸದೂ ಅಲ್ಲ. ಆದಿಲ್‌ಶಾಹಿ ಅರಸರ ಗ್ರಂಥಭಂಡಾರದಲ್ಲಿ ಅಳಿದುಳಿದು ಆಸಾರ್ ಮಹಲಿನಲ್ಲಿದ್ದ ಹಸ್ತಪ್ರತಿಗಳನ್ನು 1853ರಲ್ಲಿ ಲಂಡನ್ನಿಗೆ ಸಾಗಿಸಲಾಯಿತು. ಅವು ಅಲ್ಲಿ ಸುರಕ್ಷಿತವಾಗಿವೆ, ಪಟ್ಟಿಯೂ ಇದೆ. ನನ್ನ ಅಣ್ಣತಂಗಿಯರು ಮಾತ್ರ ರದ್ದಿಯ ತಕ್ಕಡಿ ಏರಿದರು.

ಇಬ್ಬರು ಸಿಬ್ಬಂದಿಯ ಬಗ್ಗೆ ಒಳ್ಳೆಯ ಮಾತಲ್ಲದೆ ಬೇರೆ ಹೇಳಲಾರೆ. ಕೋಳಿ ಸಾಕಾಣಿಕೆಯ ಫಲಿತಾಂಶ ಕಂಡು ಅವರೂ ನಕ್ಕರು. ನಾನು ಗುರುತು ಹಾಕಿಕೊಂಡಿದ್ದ ಹತ್ತೊಂಬತ್ತು ಪುಸ್ತಕಗಳ ಪಟ್ಟಿಯನ್ನು ಕೊಟ್ಟು, ಇವಿಷ್ಟನ್ನೂ ಒಂದು ಹಲಗೆಯ ಮೇಲೆ ಇಡಲಾದೀತೇ ಎಂದು ಕೇಳಿದಾಗ, ಸಂಖ್ಯೆ ಬದಲಿಸಲು ಮೇಲಿನ ಅನುಮತಿ ಬೇಕು, ಪ್ರದರ್ಶನಕ್ಕೆಂದು ಬೇರೆ ಕಡೆ ಇಡಲು ಯಾರ ಅಪ್ಪಣೆಯೂ ಬೇಡ ಎಂಬ ದಾರಿಯನ್ನು ಅವರೇ ಹುಡುಕಿದರು. ಜನವರಿಯಿಂದ ಮಕ್ಕಳ ವಿಭಾಗದ ಬಾಗಿಲ ಬಳಿ ಒಂದು ಸಣ್ಣ ಹಲಗೆಯಿದೆ. ಮೇಲೆ ಪೆನ್ನಿನಿಂದ "ವಿಜ್ಞಾನದ ಕಥಿಗಳು" ಎಂದು ಬರೆದ ರಟ್ಟಿನ ತುಂಡು ಅಂಟಿಸಿದ್ದಾರೆ. ಕಥಿ ಎಂಬುದನ್ನು ತಿದ್ದಬೇಡಿ ಎಂದು ನಾನೇ ಕೇಳಿಕೊಂಡೆ. ಹೋದ ವಾರ ನೋಡಿದಾಗ ಹತ್ತೊಂಬತ್ತರಲ್ಲಿ ಹನ್ನೆರಡು ಇದ್ದವು. ಐದು ಎರವಲು ಹೋಗಿದ್ದವು. ಉಳಿದ ಎರಡು ಎಲ್ಲಿ ಹೋದವು ಎಂಬುದು ದಾಖಲೆಯಲ್ಲಿಲ್ಲ.

ಒಟ್ಟಿನಲ್ಲಿ ಐದಕ್ಕೆ ಮೂರೂವರೆ ಅಂಕ. ಕಡಿತವಾದ ಒಂದೂವರೆಯಲ್ಲಿ ಒಂದು ಅಂಕ ಕಪಾಟುಗಳ ನಡುವಿನ ಮೇಜಿಗೆ, ಅರ್ಧ ಗಣಕದ ಪಟ್ಟಿಗೆ. ಸೋಮವಾರ ರಜೆ. ಪುಸ್ತಕ ನೋಡಬೇಕೆನ್ನುವವರು ಮಧ್ಯಾಹ್ನ ಎರಡರಿಂದ ಮೂರರ ನಡುವೆ ಹೋಗುವುದು ಒಳ್ಳೆಯದು. ಒಳಗಿನ ಕೋಣೆಯ ಎರಡನೆಯ ಫ್ಯಾನು ಈಗಲೂ ಅದೇ, ಮೂರನೆಯ ನಂಬರಿಗೆ ಇಟ್ಟರೆ ಮಾತ್ರ ತಿರುಗುತ್ತದೆ.