ಜಿನೀವಾ ಇಂಟರ್ನ್‌ಶಿಪ್: ಕೆಲಸಕ್ಕೆ ನಾಲ್ಕೂವರೆ ಸ್ಟಾರ್, ದುಡ್ಡಿಗೆ ಒಂದು

ಮೊದಲೇ ಹೇಳಿಬಿಡುತ್ತೇನೆ, ಸಂಸ್ಥೆಯ ಹೆಸರು ಬರೆಯುವುದಿಲ್ಲ. ಜಿನೀವಾದ ಒಂದು ಸಣ್ಣ ಮಾನವ ಹಕ್ಕು ಎನ್‌ಜಿಒ, ಎಂಟು ಜನರ ಆಫೀಸು, ಅಷ್ಟು ಸಾಕು. ಧಾರವಾಡದಲ್ಲಿ ಐದು ವರ್ಷದ ಲಾ ಮುಗಿಸಿ, ವಕೀಲಿ ಸನ್ನದು ಮಾಡಿಸುವ ಮೊದಲು ಅಲ್ಲಿ ಮೂರು ತಿಂಗಳು ಇಂಟರ್ನ್ ಆಗಿದ್ದೆ. ಬಂದಾಗಿನಿಂದ ಜೂನಿಯರ್‌ಗಳದ್ದು ಒಂದೇ ಪ್ರಶ್ನೆ, "ಅಕ್ಕಾ, ಹೋಗಬಹುದಾ?" ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳಿ ಸಾಕಾಗಿದೆ. ಇಲ್ಲೇ ಬರೆದುಬಿಡುತ್ತೇನೆ.

ಮೊದಲ ಎರಡು ವಾರ ಬರೀ ಬೇಜಾರು. ರಾಯಭಾರ ಕಚೇರಿಗಳ ಇಮೇಲ್ ಪಟ್ಟಿಯನ್ನು ಎಕ್ಸೆಲ್‌ನಲ್ಲಿ ಸರಿಮಾಡುವುದೇ ಕೆಲಸ. ಇದಕ್ಕಾ ಇಷ್ಟು ದೂರ ಬಂದಿದ್ದು ಅನಿಸಿತ್ತು. ಮೇಲ್ವಿಚಾರಕರು ಒಳ್ಳೆಯವರೇ, ಆದರೆ ಅವರು ಕೈಗೆ ಸಿಗುವುದು ವಾರಕ್ಕೆ ಅರ್ಧ ಗಂಟೆ. ಕಾಫಿ ಮಷಿನ್ ಹತ್ತಿರ ಹಿಡಿದರೆ ಆಯಿತು, ಇಲ್ಲದಿದ್ದರೆ ಇಲ್ಲ.

ಮೂರನೇ ವಾರ ಒಂದು ಫೈಲು ಬಂತು. ಜೈಲಿನಲ್ಲಿರುವ ಒಬ್ಬ ಪತ್ರಕರ್ತರದ್ದು, ಯಾವ ದೇಶ ಅಂತ ಹೇಳುವಂತಿಲ್ಲ. ವಿಶ್ವಸಂಸ್ಥೆಯಲ್ಲಿ ವರ್ಕಿಂಗ್ ಗ್ರೂಪ್ ಆನ್ ಆರ್ಬಿಟ್ರರಿ ಡಿಟೆನ್ಷನ್ ಅಂತ ಐದು ಜನರ ತಂಡವೊಂದು 1991ರಿಂದ ಇದೆ. ಸರ್ಕಾರ ಯಾರನ್ನಾದರೂ ಮನಬಂದಂತೆ ಕೂಡಿಹಾಕಿದೆ ಅನಿಸಿದರೆ ಅಲ್ಲಿಗೆ ಅರ್ಜಿ ಹಾಕಬಹುದು, ಸರ್ಕಾರಕ್ಕೆ ಉತ್ತರಿಸಲು 60 ದಿನ ಕೊಡುತ್ತಾರೆ. ಆ ಅರ್ಜಿಯ ಮೊದಲ ಕರಡು ನನ್ನ ಪಾಲಿಗೆ ಬಂತು. ಆ ಪತ್ರಕರ್ತರ ತಾಯಿ ಬರೆದ ಪತ್ರದಲ್ಲಿ ಹಿಡಿದುಕೊಂಡು ಹೋಗಿದ್ದು ಮಂಗಳವಾರ ರಾತ್ರಿ. ಪೊಲೀಸ್ ಕಾಗದದಲ್ಲಿ ಬಂಧನ ಗುರುವಾರ ಬೆಳಗ್ಗೆ. ನಾನು ಯಾವುದೋ ಒಂದು ಕಡೆ ತಪ್ಪು ಬರೆದಿದ್ದಾರೆ ಅಂದುಕೊಂಡು ಒಂದೇ ದಿನಾಂಕ ಹಾಕಿಬಿಟ್ಟಿದ್ದೆ. ಮೇಲ್ವಿಚಾರಕರು ಕೆಂಪು ಪೆನ್ನಿನಲ್ಲಿ ಗೀಟು ಎಳೆದು, ಆ ನಡುವಿನ ಎರಡು ರಾತ್ರಿಗಳೇ ಕೇಸು, ಅದನ್ನೇ ಅಳಿಸಿದ್ದೀಯಲ್ಲ ಅಂದರು. ಆ ಅರ್ಧ ಗಂಟೆಯಲ್ಲಿ ಕಲಿತದ್ದನ್ನು ಐದು ವರ್ಷದ ಕ್ಲಾಸಿನಲ್ಲಿ ಕಲಿತಿರಲಿಲ್ಲ.

ಇನ್ನೊಂದು ವಿಷಯವೂ ಅಲ್ಲೇ ತಲೆಗೆ ಹೋಗಿದ್ದು. ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಅಂತರರಾಷ್ಟ್ರೀಯ ಒಡಂಬಡಿಕೆಗೆ ಭಾರತ 1979ರಲ್ಲೇ ಸೇರಿದೆ. ಆದರೆ ಒಬ್ಬ ವ್ಯಕ್ತಿ ನೇರವಾಗಿ ದೂರು ಕೊಡಲು ಬೇಕಾದ ಐಚ್ಛಿಕ ಪ್ರೋಟೋಕಾಲ್ ಎಂಬ ಹೆಚ್ಚುವರಿ ಒಪ್ಪಂದಕ್ಕೆ ಸೇರಿಲ್ಲ, ಹಾಗಾಗಿ ಒಡಂಬಡಿಕೆಯ 18 ಜನರ ಸಮಿತಿಗೆ ನಮ್ಮ ದೇಶದ ವಿರುದ್ಧ ಯಾರೂ ವೈಯಕ್ತಿಕ ದೂರು ಕೊಡುವಂತಿಲ್ಲ. ಈ ಐದು ಜನರ ತಂಡಕ್ಕೆ ಆ ಕಟ್ಟುಪಾಡಿಲ್ಲ, ಯಾವ ದೇಶದ ಬಗ್ಗೆಯಾದರೂ ಬರೆಯಬಹುದು. ಪರೀಕ್ಷೆಯಲ್ಲಿ ಇದೇ ಒಡಂಬಡಿಕೆ ಬಗ್ಗೆ ಆರು ಪುಟ ಬರೆದು ಬಂದವಳು ನಾನು!

ಸೆಪ್ಟೆಂಬರ್‌ನಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕು ಮಂಡಳಿಯ ಅಧಿವೇಶನ. ಮಂಡಳಿ 2006ರಲ್ಲಿ ಶುರುವಾದದ್ದು, 47 ದೇಶಗಳು ಸದಸ್ಯರು. ಸೇರುವುದು ಪಾಲೇ ದೆ ನಾಸಿಯೋಂ ಎಂಬ ದೊಡ್ಡ ಆವರಣದಲ್ಲಿ. ಎದುರಿಗೆ ಒಂದು ಕಾಲು ಮುರಿದ ದೈತ್ಯ ಕುರ್ಚಿ, ಒಳಗೆ ತೋಟದಲ್ಲಿ ನಿಜವಾದ ನವಿಲುಗಳು. ಸಭಾಂಗಣದ ಚಾವಣಿಯಿಂದ ಬಣ್ಣಬಣ್ಣದ ಗುಹೆಯ ಹರಳುಗಳಂಥವು ಇಳಿಬಿದ್ದಿವೆ, ಸ್ಪೇನ್‌ನ ಕಲಾವಿದ ಮಿಕೆಲ್ ಬಾರ್ಸೆಲೋ ಮಾಡಿದ್ದು. ಮೊದಲ ದಿನ ಭಾಷಣ ಬಿಟ್ಟು ಅದನ್ನೇ ನೋಡುತ್ತಾ ಕೂತಿದ್ದೆ.

ಇಲ್ಲಿ ಎನ್‌ಜಿಒಗಳಿಗೆ ಸಿಗುವುದು ಒಂದೂವರೆ ನಿಮಿಷ. ವಾರಗಟ್ಟಲೆ ಕೆಲಸವನ್ನು ಅಷ್ಟರಲ್ಲಿ ತುರುಕಬೇಕು. ಹನ್ನೊಂದು ಸಲ ತಿದ್ದಿದ ಹೇಳಿಕೆಯಲ್ಲಿ ನನ್ನದು ಅಂತ ಉಳಿದದ್ದು ಒಂದೇ ವಾಕ್ಯ, ಕೊನೆಯದು. ಹಿರಿಯ ಸಹೋದ್ಯೋಗಿ ಓದಿದರು, ನಾನು ಹಿಂದೆ ಕೂತು ಉಸಿರು ಹಿಡಿದಿದ್ದೆ, ಸರಿಯಾಗಿ ನನ್ನ ವಾಕ್ಯ ಬರುವಾಗ ಸಮಯ ಮುಗಿದು ಮೈಕ್ ಕಟ್ ಆಯಿತು. ಅಮ್ಮನಿಗೆ ಲೈವ್ ವೀಡಿಯೊ ಲಿಂಕ್ ಬೇರೆ ಕಳಿಸಿದ್ದೆ.

ಒಂದು ಅಡ್ಡ ಮಾತು. ಪ್ರತಿ ದೇಶದ ಹಕ್ಕುಗಳ ಸ್ಥಿತಿಯನ್ನು ಉಳಿದ ದೇಶಗಳು ಸರದಿಯಲ್ಲಿ ವಿಚಾರಿಸುವ ಯುಪಿಆರ್ (ಯೂನಿವರ್ಸಲ್ ಪೀರಿಯಾಡಿಕ್ ರಿವ್ಯೂ) ಅಂತ ಇದೆ. ಬೇರೆ ದೇಶಗಳು ಕೊಟ್ಟ ಸಲಹೆ ಇಷ್ಟವಿಲ್ಲದಿದ್ದರೆ ಸರ್ಕಾರಗಳು ತಿರಸ್ಕರಿಸಿದೆವು ಅನ್ನುವುದಿಲ್ಲ, "ನೋಟೆಡ್" ಅನ್ನುತ್ತವೆ. ನಮ್ಮ ತಾಲ್ಲೂಕು ಕಚೇರಿಯ "ನೋಡೋಣ" ನೆನಪಾಯಿತು. ಇದಕ್ಕೆ ಒಂದು ಸಂಸ್ಥೆ ಕೊಡುವ ವರದಿ 2,815 ಪದ ಮೀರಬಾರದು. ಆ ಕೊನೆಯ 15 ಯಾಕೆ ಅಂತ ಯಾರಿಗೂ ಗೊತ್ತಿರಲಿಲ್ಲ, ಆದರೆ ಎಣಿಸುವುದು ಮಾತ್ರ ಇಂಟರ್ನ್ ಕೆಲಸ.

ಈಗ ದುಡ್ಡು. ಸಂಬಳ ಸೊನ್ನೆ. ನಾನಿದ್ದಾಗ ಒಂದು ಸ್ವಿಸ್ ಫ್ರಾಂಕ್ ಅಂದರೆ ಹೆಚ್ಚುಕಡಿಮೆ ನೂರು ರೂಪಾಯಿ ಇತ್ತು ಅಂತ ಲೆಕ್ಕ ಹಾಕಿಕೊಳ್ಳಿ. ಇಬ್ಬರು ಹಂಚಿಕೊಂಡ ರೂಮಿಗೆ ನನ್ನ ಪಾಲು ತಿಂಗಳಿಗೆ 800 ಫ್ರಾಂಕ್. ವಿಮಾನ, ವೀಸಾ, ಇನ್ಶೂರೆನ್ಸ್, ಊಟ ಎಲ್ಲ ಸೇರಿ ಮೂರು ತಿಂಗಳಿಗೆ ಐದು ಲಕ್ಷ ದಾಟಿತು, ಅದೂ ಮನೆಯಿಂದ ಒಯ್ದ ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿಯಲ್ಲಿ ಎಷ್ಟೋ ರಾತ್ರಿ ಕಳೆದ ಮೇಲೆ. ಅಪ್ಪ ಸೊಸೈಟಿಯಲ್ಲಿ ಸಾಲ ತೆಗೆದಿದ್ದರು. ಜಿನೀವಾದ ಜನ 2020ರಲ್ಲಿ ಮತ ಹಾಕಿ ಗಂಟೆಗೆ 23 ಫ್ರಾಂಕ್ ಕನಿಷ್ಠ ಕೂಲಿ ತಂದರು, ಆದರೆ ಓದಿನ ಭಾಗವಾದ ಇಂಟರ್ನ್‌ಶಿಪ್ ಅದರಿಂದ ಹೊರಗೆ. ನ್ಯಾಯವಾದ ಕೂಲಿ ಮನುಷ್ಯನ ಹಕ್ಕು ಅಂತ ದಿನವೆಲ್ಲ ಟೈಪ್ ಮಾಡುವವರಿಗೇ ಕೂಲಿ ಇಲ್ಲ.

ವಿಶ್ವಸಂಸ್ಥೆಯ ಸೆಕ್ರೆಟೇರಿಯೆಟ್ ಕೂಡ ಇಂಟರ್ನ್‌ಗಳಿಗೆ ಸಂಬಳ ಕೊಡುವುದಿಲ್ಲ, ಮಾನವ ಹಕ್ಕುಗಳ ಹೈಕಮಿಷನರ್ ಕಚೇರಿಯೂ ಅದರಲ್ಲೇ ಬರುತ್ತದೆ. 2015ರಲ್ಲಿ ನ್ಯೂಜಿಲೆಂಡಿನ ಇಂಟರ್ನ್ ಒಬ್ಬ ಜಿನೀವಾದ ಕೆರೆ ದಂಡೆಯಲ್ಲಿ ಟೆಂಟ್ ಹಾಕಿ ಮಲಗುತ್ತಿದ್ದದ್ದು ಸುದ್ದಿಯಾಗಿತ್ತು. ಸಂಬಳದ ಕಡೆ ಗಮನ ಸೆಳೆಯುವ ಉದ್ದೇಶವೂ ಇತ್ತು ಅಂತ ಆಮೇಲೆ ಅವನೇ ಒಪ್ಪಿಕೊಂಡ, ಅದು ಬೇರೆ ಮಾತು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ (ಐಎಲ್‌ಒ) ಸ್ಟೈಪೆಂಡ್ ಕೊಡುತ್ತದೆ, ವಿಶ್ವ ಆರೋಗ್ಯ ಸಂಸ್ಥೆ (ಡಬ್ಲ್ಯುಎಚ್‌ಒ) 2020ರಿಂದ ಶುರು ಮಾಡಿದೆ. ಅರ್ಜಿ ಹಾಕುವವರು ಮೊದಲು ಅಲ್ಲಿ ನೋಡಿ.

ಲಾ ಹುಡುಗರಿಗೆ ಇನ್ನೊಂದು ಮಾತು. ಐದು ವರ್ಷದ ಕೋರ್ಸಿಗೆ ಬಾರ್ ಕೌನ್ಸಿಲ್ ಕೇಳುವುದು ಒಟ್ಟು 20 ವಾರದ ಇಂಟರ್ನ್‌ಶಿಪ್, ಆದರೆ ಒಂದು ವರ್ಷದಲ್ಲಿ ಸತತವಾಗಿ ನಾಲ್ಕು ವಾರಕ್ಕಿಂತ ಜಾಸ್ತಿ ಮಾಡುವಂತಿಲ್ಲ. ಹಾಗಾಗಿ ಓದಿನ ಮಧ್ಯೆ ಮೂರು ತಿಂಗಳು ಹೋಗಿ ಬಂದು ಎಲ್ಲವನ್ನೂ ಲೆಕ್ಕಕ್ಕೆ ಹಿಡಿಯಿರಿ ಅಂದರೆ ಕಾಲೇಜಿನಲ್ಲಿ ನಡೆಯುವುದಿಲ್ಲ. ನನ್ನ ಹಾಗೆ ಮುಗಿಸಿ ಹೋಗುವುದು ಸುಲಭ. ವಿಶ್ವಸಂಸ್ಥೆಯಲ್ಲೂ ಪದವಿ ಮುಗಿದು ಒಂದು ವರ್ಷದ ಒಳಗಿದ್ದರೆ ಇಂಟರ್ನ್ ಆಗಬಹುದು.

ಸಾಲ ಮಾಡಿಯೇ ಹೋಗಬೇಕಾ ಅಂತ ಕೇಳಿದರೆ, ಈಗ ನಾನು ಬೇಡ ಅನ್ನುತ್ತೇನೆ. ದೆಹಲಿಯ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಎರಡು ವಾರದ ಆನ್‌ಲೈನ್ ಇಂಟರ್ನ್‌ಶಿಪ್ ನಡೆಸುತ್ತದೆ, ಬೆಂಗಳೂರಿನಲ್ಲಿ ಆಲ್ಟರ್ನೇಟಿವ್ ಲಾ ಫೋರಂನಂಥ ವಕೀಲರ ಗುಂಪುಗಳ ಕಡೆ ಕೇಳಿ ನೋಡಬಹುದು. ಸ್ಕಾಲರ್‌ಶಿಪ್ ಸಿಕ್ಕರೆ ಮಾತ್ರ ಜಿನೀವಾ, ಅದೂ ಅಧಿವೇಶನ ಇರುವ ತಿಂಗಳಿಗೇ ಹೋಗಿ. ಬಾಕಿ ದಿನ ಅಲ್ಲಿ ಎಕ್ಸೆಲ್ ಮತ್ತು ಚಳಿ ಅಷ್ಟೇ.

ಒಟ್ಟು ಐದಕ್ಕೆ ಮೂರು ಸ್ಟಾರ್. ಸರ್ಟಿಫಿಕೇಟ್ "ಮುಂದಿನ ವಾರ" ಕಳಿಸುತ್ತೇವೆ ಅಂದು ಐದು ತಿಂಗಳಾಯಿತು. ಬಂದರೆ ಅರ್ಧ ಸ್ಟಾರ್ ಜಾಸ್ತಿ ಮಾಡುತ್ತೇನೆ.